ಸೌಕಾರ್‌ಪೇಟೆಯ ಆರು ನಿಮಿಷ

ಚೆನ್ನೈಗೆ ವರ್ಗವಾಗಿ ಬಂದ ಮೊದಲ ನಾಲ್ಕು ವರ್ಷ ನಾವು ಸೌಕಾರ್‌ಪೇಟೆಯಲ್ಲಿದ್ದೆವು. ಮಿಂಟ್ ಸ್ಟ್ರೀಟಿಗೆ ಕೂಡುವ ಒಂದು ಓಣಿಯ ಮನೆಯ ಎರಡನೆಯ ಮಹಡಿ ನಮ್ಮ ಬಾಡಿಗೆಯ ವಾಸ. ಕೇಂದ್ರ ಸರಕಾರದ ನೌಕರರು ಬೆಸೆಂಟ್‌ನಗರ, ಕೆ.ಕೆ. ನಗರಗಳ ವಸತಿಗೃಹಗಳಿಗಾಗಿ ಸರದಿಯಲ್ಲಿ ಕಾಯುವುದು ವಾಡಿಕೆ. ನಮ್ಮ ಸರದಿ ತಡವಾಯಿತು, ಕಛೇರಿಗೆ ನಡೆದೇ ಹೋಗಬಹುದೆಂಬ ಆಸೆಯೂ ಜೊತೆಗೂಡಿತು. ಕಂಪನಿಯ ಟಂಕಸಾಲೆ ಇದ್ದ ಬೀದಿಗೆ ಇಂಗ್ಲಿಷಿನಲ್ಲಿ ಮಿಂಟ್ ಸ್ಟ್ರೀಟ್, ತಮಿಳಿನಲ್ಲಿ ತಂಗಸಾಲೈ. ಅದರ ಸುತ್ತ ನೆಲೆಸಿದ ಸಾಹುಕಾರರಿಂದ ಪೇಟೆಗೆ ಸೌಕಾರ್‌ಪೇಟೆಯೆಂಬ ಹೆಸರು. ಮಾರವಾಡಿ, ಗುಜರಾತಿ, ತೆಲುಗು, ತಮಿಳುಗಳ ನಡುವೆ ನಮ್ಮ ಮನೆಯ ಕನ್ನಡ ಯಾರ ಗಮನಕ್ಕೂ ಬಾರದೆ ಸುಖವಾಗಿತ್ತು.

ಮನೆಯೊಡತಿ ಎಪ್ಪತ್ತು ದಾಟಿದ ಜೈನ ವೃದ್ಧೆ, ರಾಜಸ್ಥಾನದಿಂದ ಬಂದ ಮನೆತನದವರು. ಓಣಿಯವರೆಲ್ಲರಿಗೂ ಅವರು ಮಾಜೀ, ನಮಗೂ ಮಾಜೀ. ಕೆಳಮಹಡಿಯ ಅವರ ಕೋಣೆಯಲ್ಲಿ ಟಿವಿಯ ಕೆಳಗೆ ಒಂದು ಸೆಟ್‌ಟಾಪ್ ಬಾಕ್ಸ್. ಅದರ ಮುಖದ ಮೇಲೆ ಕೆಂಪು ಅಂಕಿಗಳಲ್ಲಿ ಗಂಟೆ, ನಿಮಿಷ. ಕಣ್ಣು ಮಂಜಾಗಿದ್ದ ಮಾಜೀಗೆ ಗೋಡೆಯ ಗಡಿಯಾರದ ಮುಳ್ಳುಗಳು ಕಾಣುತ್ತಿರಲಿಲ್ಲ, ಮೊಬೈಲಿನ ಅಂಕಿಗಳೂ ಅಷ್ಟೇ. ಆ ಕೆಂಪು ಅಂಕಿಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದವು. ಅವರ ದಿನವೆಲ್ಲ ಅದರ ಮೇಲೆಯೇ ನಡೆಯುತ್ತಿತ್ತು.

ಆ ಭಾದ್ರಪದದಲ್ಲಿ, ಪರ್ಯೂಷಣದ ದಿನಗಳಲ್ಲಿ, ಒಂದು ಸಂಜೆ ನಾವು ಕಛೇರಿಯಿಂದ ಮರಳಿ ಮೆಟ್ಟಿಲು ಹತ್ತುವಾಗ ಮಾಜೀ ಊಟ ಮಾಡುತ್ತಿದ್ದರು. ನಮಗೆ ಆಶ್ಚರ್ಯವಾಯಿತು. ಜೈನರ ಚೌವಿಹಾರ ವ್ರತದಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಅನ್ನ ನೀರುಗಳೆರಡೂ ಮುಗಿಯಬೇಕು. ನಮ್ಮ ಕೈಗಡಿಯಾರದ ಪ್ರಕಾರ ಸೂರ್ಯ ಮುಳುಗಿ ಎರಡು ನಿಮಿಷವಾಗಿತ್ತು. ಬಾಕ್ಸಿನ ಪ್ರಕಾರ ಇನ್ನೂ ನಾಲ್ಕು ನಿಮಿಷ ಬಾಕಿ. ಬಸದಿಯವರು ಹಂಚಿದ ಸೂರ್ಯೋದಯ ಸೂರ್ಯಾಸ್ತಗಳ ಪಟ್ಟಿ ಗೋಡೆಯ ಮೇಲೆ ತೂಗುತ್ತಿತ್ತು. ಅದು ಸರಿಯಾಗಿಯೇ ಇತ್ತು. ನಾವು ಬಾಯಿ ಮುಚ್ಚಿಕೊಂಡು ಮೇಲೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ, ಹೇಳಿಬಿಟ್ಟೆವು. ಹೇಳಿದ್ದು ಸರಿಯೇ ಎಂದು ಇಂದಿಗೂ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ.

ಮಾಜೀ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಸ್ವಲ್ಪ ಹೊತ್ತು ಬಾಕ್ಸಿನ ಕಡೆ ನೋಡಿ, "ಯೇ ತೋ ಊಪರ್ ಸೇ ಆತಾ ಹೈ, ಬೇಟಾ" ಎಂದರು. ಮೇಲಿನಿಂದ ಬರುವ ಸಮಯವಲ್ಲವೇ ಇದು, ತಪ್ಪಾಗುವುದಾದರೂ ಹೇಗೆ ಎಂದು.

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೊರಟಾಗ ಒಂದು ಕಡೆ ಉಪಗ್ರಹಗಳ ಲೆಕ್ಕ, ಇನ್ನೊಂದು ಕಡೆ ಇದೇ ಊರಿನ ಇನ್ನೂರು ವರ್ಷ ಹಳೆಯ ಕಥೆ ಎದುರಾದವು. ಮೊದಲಿಗೆ ಹಳೆಯದು.

ಗಡಿಯಾರ ಎಂಬ ನಮ್ಮ ಮಾತು ಘಟಿಕೆಯಿಂದ, ಅಂದರೆ ಗಳಿಗೆಯಿಂದ ಬಂದದ್ದು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ ಹೊತ್ತು ಒಂದು ಗಳಿಗೆ, ಇಂದಿನ 24 ನಿಮಿಷ. ಜೈನರ ನವಕಾರಸಿ ವ್ರತದಲ್ಲಿ ಸೂರ್ಯೋದಯವಾಗಿ 48 ನಿಮಿಷ ಕಳೆಯುವವರೆಗೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಅದು ಸರಿಯಾಗಿ ಎರಡು ಗಳಿಗೆ, ಒಂದು ಮುಹೂರ್ತ. ಈ ಲೆಕ್ಕದಲ್ಲಿ ಪ್ರತಿ ಊರಿಗೂ ಅದರದೇ ಸೂರ್ಯ, ಅದರದೇ ಹೊತ್ತು. ಸೂರ್ಯ ಕಣ್ಣಿಗೆ ಕಾಣುವವರೆಗೂ ಯಾರಿಂದ ಕೇಳಿ ತಿಳಿಯಬೇಕಾದದ್ದೂ ಇರಲಿಲ್ಲ.

ಮದರಾಸಿನಲ್ಲಿ ಸಮಯವನ್ನು ಒಬ್ಬರು ಹೇಳಿ ಉಳಿದವರು ಕೇಳುವ ಏರ್ಪಾಡು ಶುರುವಾದದ್ದು ನುಂಗಂಬಾಕ್ಕಂನಲ್ಲಿ. ವಿಲಿಯಂ ಪೆಟ್ರಿ ಎಂಬ ಕಂಪನಿಯ ಅಧಿಕಾರಿ 1786ರಲ್ಲಿ ಎಗ್ಮೋರಿನ ತನ್ನ ಮನೆಯಲ್ಲಿ ಖಾಸಗಿಯಾಗಿ ಒಂದು ವೀಕ್ಷಣಾಲಯವನ್ನು ಇಟ್ಟುಕೊಂಡಿದ್ದ. ಅದರ ಉಪಕರಣಗಳು ಕಂಪನಿಯ ವಶವಾಗಿ, 1792ರಲ್ಲಿ ನುಂಗಂಬಾಕ್ಕಂನಲ್ಲಿ ಮದರಾಸು ವೀಕ್ಷಣಾಲಯ ಸಿದ್ಧವಾಯಿತು. ಉಪಕರಣ ನಿಲ್ಲಿಸಲು ನೆಟ್ಟಿದ್ದ ಗ್ರಾನೈಟ್ ಕಂಬ ಇಂದಿಗೂ ಅಲ್ಲಿನ ಹವಾಮಾನ ಕೇಂದ್ರದ ಆವರಣದಲ್ಲಿದೆ. ವೀಕ್ಷಣಾಲಯದ ನೆನಪನ್ನು ಹಲವು ಭಾಷೆಗಳಲ್ಲಿ ಅದರ ಮೇಲೆ ಕೆತ್ತಿದ್ದಾರೆ. ತಮಿಳು ತೆಲುಗುಗಳಿವೆ, ನಮ್ಮ ಲಿಪಿ ಮಾತ್ರ ಇಲ್ಲ. ಇದೇ ವೀಕ್ಷಣಾಲಯದ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಂ 1802ರಲ್ಲಿ ಮದರಾಸಿನ ರೇಖಾಂಶವನ್ನು 80 ಡಿಗ್ರಿ 18 ಮಿನಿಟು 30 ಸೆಕೆಂಡು ಪೂರ್ವ ಎಂದು ನಿಗದಿಪಡಿಸಿದ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದು. ಇದೇ ಮುಂದೆ ಹೆಸರಾದ ಮದರಾಸು ಕಾಲಮಾನ.

ಇಲ್ಲೊಂದು ತಮಾಷೆಯಿದೆ. ಇಂದಿನ ಭೂಪಟದಲ್ಲಿ ಅದೇ ಆವರಣ 80 ಡಿಗ್ರಿ 15 ಮಿನಿಟಿನ ಆಸುಪಾಸಿನಲ್ಲಿದೆ. ಎಂದರೆ ಗೋಲ್ಡಿಂಗ್‌ಹ್ಯಾಂ ತನ್ನ ವೀಕ್ಷಣಾಲಯವನ್ನು ಐದಾರು ಕಿಲೋಮೀಟರು ಪೂರ್ವಕ್ಕೆ, ಹೆಚ್ಚುಕಡಿಮೆ ಸಮುದ್ರದೊಳಕ್ಕೇ ಸರಿಸಿದ್ದ. ಕಾಲದಲ್ಲಿ ಇದು ಹದಿನಾಲ್ಕು ಸೆಕೆಂಡುಗಳ ತಪ್ಪು. ಗುರುವಿನ ಉಪಗ್ರಹಗಳ ಗ್ರಹಣವನ್ನು ದೂರದರ್ಶಕದಲ್ಲಿ ನೋಡಿ ರೇಖಾಂಶ ಕಟ್ಟುತ್ತಿದ್ದ ಕಾಲಕ್ಕೆ ಅದು ದೊಡ್ಡ ತಪ್ಪೇನಲ್ಲ, ಯಾರ ಊಟವೂ ಅದರಿಂದ ಕೆಡಲಿಲ್ಲ. ಆದರೂ ದೇಶದ ಗಡಿಯಾರಗಳಿಗೆ ಮೂಲವಾದ ಅಂಕಿಯಲ್ಲೇ ಒಂದು ಚಿಕ್ಕ ತಪ್ಪು ಕುಳಿತಿತ್ತೆಂದು ತಿಳಿದಾಗ ನಮಗೆ ಮಾಜೀಯ ಬಾಕ್ಸಿನ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳಬೇಕು.

ವೀಕ್ಷಣಾಲಯಕ್ಕೆ ತಿಳಿದ ಸಮಯ ಊರಿಗೆ ತಿಳಿಯಬೇಕಲ್ಲ. ಅದಕ್ಕಾಗಿ ನುಂಗಂಬಾಕ್ಕಂನ ಗಡಿಯಾರದ ಸಂಕೇತದ ಮೇಲೆ ಸೇಂಟ್ ಜಾರ್ಜ್ ಕೋಟೆಯಲ್ಲಿ ರಾತ್ರಿ ಎಂಟಕ್ಕೆ ತೋಪು ಹಾರಿಸುತ್ತಿದ್ದರು. ಬಂದರಿನ ಹಡಗುಗಳೂ ಪೇಟೆಯ ಮನೆಗಳೂ ಆ ಸದ್ದಿಗೆ ತಮ್ಮ ಗಡಿಯಾರಗಳನ್ನು ತಿದ್ದಿಕೊಳ್ಳಬಹುದಿತ್ತು. ಕೋಟೆಯಿಂದ ಸೌಕಾರ್‌ಪೇಟೆಗೆ ಒಂದೂವರೆ ಎರಡು ಕಿಲೋಮೀಟರು. ತೋಪಿನ ಸದ್ದು ಅಲ್ಲಿಗೆ ತಲಪಲು ಐದು ಸೆಕೆಂಡಿನ ಆಸುಪಾಸು ಬೇಕು. ಇಂದಿನ ಟಿವಿ ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿದೆ. ಸಂಕೇತ ಅಲ್ಲಿಗೆ ಹೋಗಿ ತಾರಸಿಯ ಡಿಶ್ಶಿಗೆ ಇಳಿಯಲು ಬೇಕಾದದ್ದು ಸುಮಾರು ಕಾಲು ಸೆಕೆಂಡು. ದೂರದ ಮಟ್ಟಿಗೆ ಹೇಳುವುದಾದರೆ ಆಕಾಶದ ಸಮಯ ಕೋಟೆಯ ಸಮಯಕ್ಕಿಂತ ಬೇಗನೆ ಮನೆ ಮುಟ್ಟುತ್ತದೆ.

ತೋಪಿನ ಸದ್ದು ಊರೊಳಗೇ ಮುಗಿಯುತ್ತದೆ. ರೈಲು ಊರು ದಾಟುತ್ತದೆ. ದಕ್ಷಿಣದ ಮೊದಲ ರೈಲು 1856ರಲ್ಲಿ ಹೊರಟದ್ದು ಸೌಕಾರ್‌ಪೇಟೆಗೆ ಹತ್ತಿರದ ರಾಯಪುರಂನಿಂದ. ಬೆಂಗಳೂರಿನ ದಂಡಿಗೆ ಜೋಲಾರ್‌ಪೇಟೆಯ ಮೂಲಕ ಹಳಿ ಮುಟ್ಟಿದ್ದು 1864ರಲ್ಲಿ. ಬೆಂಗಳೂರು ಮದರಾಸಿಗಿಂತ ಸುಮಾರು ಎರಡೂ ಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿನ ಸೂರ್ಯನ ಹೊತ್ತು ಹನ್ನೊಂದು ನಿಮಿಷ ಹಿಂದೆ. ನೆತ್ತಿಯ ಸೂರ್ಯನನ್ನು ನಂಬಿ ದಂಡಿನ ನಿಲ್ದಾಣಕ್ಕೆ ಬಂದವನಿಗೆ ಮದರಾಸು ಹೊತ್ತಿನ ರೈಲು ಹನ್ನೊಂದು ನಿಮಿಷ ಮುಂಚೆಯೇ ಹೋಗಿರುತ್ತಿತ್ತು. ಬೊಂಬಾಯಿಗೆ ಅದರದೇ ಹೊತ್ತು, ಕಲ್ಕತ್ತೆಗೆ ಅದರದೇ ಹೊತ್ತು. ಎರಡರ ನಡುವಣ ಅಂತರ ಒಂದು ಗಂಟೆಗೂ ಮೇಲೆ. ಎರಡಕ್ಕೂ ಹೆಚ್ಚುಕಡಿಮೆ ನಡುವೆ ಬರುವುದು ಮದರಾಸಿನದೇ. 1870ರ ಸುಮಾರಿಗೆ ದೇಶದ ರೈಲ್ವೆಗಳೆಲ್ಲ ಮದರಾಸು ಕಾಲಮಾನವನ್ನು ಹಿಡಿದವು. 1873ರಲ್ಲಿ ಎದ್ದು ನಿಂತ ಸೆಂಟ್ರಲ್ ನಿಲ್ದಾಣ ಪಾಲಿಸುತ್ತಿದ್ದ ಹೊತ್ತು ಪೆಶಾವರದ ದಾರಿಯ ರೈಲಿಗೂ ಅನ್ವಯವಾಗುತ್ತಿತ್ತು. ನಮ್ಮ ಮೇಲಧಿಕಾರಿಗಳು ದೆಹಲಿಯಿಂದ ಸುತ್ತೋಲೆ ಕಳಿಸಿದಾಗಲೆಲ್ಲ ನಾವು ಈ ಸಂಗತಿಯನ್ನು ನೆನೆದು ಸಮಾಧಾನಪಟ್ಟುಕೊಂಡಿದ್ದೇವೆ.

ಬೊಂಬಾಯಿ ಸುಮ್ಮನಿರಲಿಲ್ಲ. 1881ರಲ್ಲಿ ಅಲ್ಲಿನ ಗವರ್ನರ್ ಜೇಮ್ಸ್ ಫರ್ಗುಸನ್ ಸರಕಾರಿ ಕಛೇರಿಗಳು ಮದರಾಸು ಹೊತ್ತನ್ನೇ ಪಾಲಿಸಬೇಕೆಂದ. ನಮ್ಮೂರಿನ ಸೂರ್ಯನಿಗೆ ಅರ್ಧ ಗಂಟೆಯನ್ನು ಇನ್ನಾರೋ ಸೇರಿಸುವುದೇ ಎಂದು ಜನ ಎದುರು ನಿಂತರು. 1883ರ ವೇಳೆಗೆ ಆಜ್ಞೆ ಹಿಂದೆ ಸರಿಯಿತು. ಕೊನೆಗೆ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಕಾಲಮಾನ ರೈಲ್ವೆ ಮತ್ತು ತಂತಿ ಇಲಾಖೆಗಳಿಗೆ 1905ರ ಜುಲೈಯಲ್ಲಿ, ಉಳಿದ ವ್ಯವಹಾರಕ್ಕೆ 1906ರ ಜನವರಿ 1ರಿಂದ ಬಂತು. ಮದರಾಸಿನವರು ಮುಳ್ಳನ್ನು ಒಂಬತ್ತು ನಿಮಿಷ ಮುಂದೆ ತಳ್ಳಿ ಹೊಸದಕ್ಕೆ ಹೊಂದಿಕೊಂಡರು. ಕಲ್ಕತ್ತೆ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ಹೊತ್ತನ್ನು ಬಿಡಲಿಲ್ಲ.

ಹೊರನಾಡಿನ ಕನ್ನಡ ಮನೆಗಳಲ್ಲಿ ಈ ಹಳೆಯ ಹೊತ್ತು ಪೂರ್ತಿ ಸತ್ತಿಲ್ಲ. ನಮ್ಮ ಅಮ್ಮ ಪ್ರತಿ ಯುಗಾದಿಗೆ ಮೈಸೂರು ಕಡೆಯ ಪಂಚಾಂಗವನ್ನೇ ತರಿಸುತ್ತಾರೆ. ಅದರ ಸೂರ್ಯೋದಯಕ್ಕೆ ಹನ್ನೆರಡು ಹದಿಮೂರು ನಿಮಿಷ ಕಳೆದು ಚೆನ್ನೈಯ ರಾಹುಕಾಲವನ್ನು ಬೆರಳ ಮೇಲೆ ಎಣಿಸುತ್ತಾರೆ. ಮುಂಬಯಿಯಲ್ಲಿರುವ ಚಿಕ್ಕಮ್ಮ ಅದೇ ಪಂಚಾಂಗಕ್ಕೆ ಹದಿನೈದಕ್ಕೂ ಹೆಚ್ಚು ನಿಮಿಷ ಕೂಡಿಸಬೇಕು. ಫೋನಿನಲ್ಲಿ ಅಕ್ಕತಂಗಿಯರ ಈ ಕೂಡು ಕಳೆ ಕೇಳುವಾಗ ರೇಖಾಂಶದ ಪಾಠ ನಡೆದಿದೆಯೆಂದು ಅವರಿಬ್ಬರಿಗೂ ತಿಳಿದಿರುವುದಿಲ್ಲ.

ಇನ್ನು ಮಾಜೀಯ ಬಾಕ್ಸ್. ಚೆನ್ನೈಗೂ ಈ ಬಾಕ್ಸಿಗೂ ಹಳೆಯ ನಂಟು. ಹಣ ಕೊಟ್ಟು ನೋಡುವ ಚಾನೆಲ್ಲುಗಳಿಗೆ ಸೆಟ್‌ಟಾಪ್ ಬಾಕ್ಸ್ ಇರಲೇಬೇಕೆಂಬ ನಿಯಮ ನಾಲ್ಕು ಮಹಾನಗರಗಳಿಗೆಂದು ಹೊರಟು, 2003ರ ಸೆಪ್ಟೆಂಬರ್ 1ರಂದು ನಿಜವಾಗಿ ಜಾರಿಗೆ ಬಂದದ್ದು ಚೆನ್ನೈಯಲ್ಲಿ ಮಾತ್ರ. ಆಮೇಲೆ ಡಿಶ್ಶುಗಳು ಬಂದವು: 2004ರಲ್ಲಿ ದೂರದರ್ಶನದ ಉಚಿತ ಸೇವೆ, 2007ರಲ್ಲಿ ಚೆನ್ನೈಯದೇ ಆದ ಸನ್ ಡೈರೆಕ್ಟ್. ಬಂದ ಬಾಕ್ಸುಗಳೆಲ್ಲ ಜೊತೆಗೊಂದು ಗಡಿಯಾರವನ್ನೂ ತಂದವು. ಆದರೆ ಆ ಗಡಿಯಾರಕ್ಕೆ ಸ್ವಂತ ಬುದ್ಧಿ ಕಡಿಮೆ. ಕರೆಂಟು ಹೋಗಿ ಬಂದರೆ ತನಗೆ ಹೊತ್ತೆಷ್ಟೆಂದು ಸಾಮಾನ್ಯವಾಗಿ ಅದಕ್ಕೆ ಗೊತ್ತಿರುವುದಿಲ್ಲ. ಡಿಶ್ಶಿನ ಸಂಕೇತದಲ್ಲಿ ಯಾರೋ ಹೇಳುವವರೆಗೆ ಖಾಲಿ ಗೆರೆಗಳನ್ನು ತೋರುತ್ತ ಕಾಯುತ್ತದೆ.

ಹೇಳುವ ಬಗೆ ಹೀಗೆ. ಚಿತ್ರ ಮತ್ತು ಧ್ವನಿಗಳ ಪ್ರವಾಹದ ನಡುವೆ ಒಂದು ಪುಟ್ಟ ಕೋಷ್ಟಕ ಆಗಾಗ ಹಾದುಹೋಗುತ್ತದೆ. ಮೂವತ್ತು ಸೆಕೆಂಡಿಗೆ ಒಮ್ಮೆಯಾದರೂ ಬರಬೇಕೆಂಬುದು ಕಟ್ಟಳೆ. ಅದರಲ್ಲಿರುವುದು ತಾರೀಖು ಮತ್ತು ಗ್ರೀನಿಚ್ಚಿನ ಹೊತ್ತು. ಐದೂವರೆ ಗಂಟೆ ಕೂಡಿಸಿ ನಮಗೆ ತೋರುವುದು ಬಾಕ್ಸಿನ ಕೆಲಸ. ತಾರೀಖು ಬರುವುದು ತಿಂಗಳು ವರ್ಷಗಳಲ್ಲಲ್ಲ, ದಿನಗಳ ಒಂದು ಎಣಿಕೆಯಾಗಿ. ಆ ಎಣಿಕೆಯ ಸೊನ್ನೆಯ ದಿನ 1858ರ ನವೆಂಬರ್ 17. ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿ ಕಂಪನಿ ಸರಕಾರ ಮುಗಿಯಿತೆಂದು ಸಾರಿದ ಹದಿನಾರು ದಿನಗಳ ತರುವಾಯ! ಇವೆರಡಕ್ಕೂ ಸಂಬಂಧವೇನೂ ಇಲ್ಲ. ಮೊದಲ ಕೃತಕ ಉಪಗ್ರಹಗಳ ಬೆನ್ನು ಹತ್ತಿದ್ದ ಅಮೆರಿಕದ ಖಗೋಳಜ್ಞರು ತಮ್ಮ ಯಂತ್ರಗಳಲ್ಲಿ ಅಂಕಿ ಚಿಕ್ಕದಾಗಲೆಂದು ಹಳೆಯ ಜೂಲಿಯನ್ ದಿನಗಣನೆಯ ತಲೆ ಕತ್ತರಿಸಿದಾಗ ಉಳಿದ ಬುಡ ಅದು. ಕೋಷ್ಟಕದಲ್ಲಿ ಆ ಎಣಿಕೆಗೆ ಕೊಟ್ಟಿರುವ ಜಾಗ 2038ರ ಏಪ್ರಿಲಿನಲ್ಲಿ ತುಂಬಿಹೋಗುತ್ತದೆ. ಅಂದು ಹಳೆಯ ಬಾಕ್ಸುಗಳು ಏನು ತೋರುತ್ತವೆಯೋ ನೋಡಬೇಕು.

ಇದೇ ಪ್ರವಾಹದಲ್ಲಿ ಇನ್ನೊಂದು ಕಾಲವೂ ಇದೆ. ಚಿತ್ರ ಮತ್ತು ಮಾತು ಒಂದಕ್ಕೊಂದು ಹೊಂದಿಕೊಂಡು ಬರಲು ಸೆಕೆಂಡಿಗೆ 2 ಕೋಟಿ 70 ಲಕ್ಷ ಬಾರಿ ಮಿಡಿಯುವ ಒಂದು ತಾಳ. ಅದು ಹತ್ತು ಲಕ್ಷಕ್ಕೆ ಮೂವತ್ತು ಪಾಲಿಗಿಂತ ಹೆಚ್ಚು ತಪ್ಪಬಾರದು. ತಪ್ಪಿದರೆ ಚಿತ್ರ ಒಡೆಯುತ್ತದೆ, ಧಾರಾವಾಹಿಯ ಅತ್ತೆಯ ತುಟಿ ಒಂದು ಹೇಳಿ ಧ್ವನಿ ಇನ್ನೊಂದು ಹೇಳುತ್ತದೆ, ಸಾವಿರ ಮನೆಗಳಿಂದ ಫೋನು ಹೋಗುತ್ತದೆ. ಆದ್ದರಿಂದ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಗಂಟೆ ನಿಮಿಷಗಳ ಕೋಷ್ಟಕ ಆರು ನಿಮಿಷ ಹಿಂದುಳಿದರೆ ಯಾವ ಚಿತ್ರವೂ ಒಡೆಯುವುದಿಲ್ಲ. ಆ ಕೋಷ್ಟಕವನ್ನು ತುಂಬುವುದು ಕೆಳಗೆ, ನೆಲದ ಮೇಲಿನ ಕೇಂದ್ರದಲ್ಲಿರುವ ಒಂದು ಕಂಪ್ಯೂಟರು. ಅದನ್ನು ನಿಖರವಾದ ಕಾಲಮೂಲವೊಂದಕ್ಕೆ ಜೋಡಿಸಿದ್ದರೆ ಸರಿ. ಜೋಡಣೆ ಕಡಿದು, ಯಾರೂ ನೋಡದೆ, ದಿನಕ್ಕೊಂದೆರಡು ಸೆಕೆಂಡು ಜಾರುತ್ತ ಹೋದರೆ ಕೆಲವು ತಿಂಗಳಲ್ಲಿ ನಿಮಿಷಗಳೇ ಸೋರಿಹೋಗುತ್ತವೆ. ಉಪಗ್ರಹಕ್ಕೆ ಇದು ಯಾವುದೂ ಗೊತ್ತಿಲ್ಲ. ಕೆಳಗಿನಿಂದ ಕಳಿಸಿದ್ದನ್ನು ಅದು ಕನ್ನಡಿಯಂತೆ ಕೆಳಕ್ಕೇ ಕಳಿಸುತ್ತದೆ.

ಮಾಜೀಯ ಪ್ರಶ್ನೆಗೆ ಉತ್ತರ ಇಷ್ಟೇ: ಅದು ಮೇಲಿನಿಂದ ಬರುತ್ತದೆ, ನಿಜ, ಆದರೆ ಕೆಳಗಿನಿಂದ ಹೋದದ್ದೇ ಬರುತ್ತದೆ. ಉಚಿತ ಚಾನೆಲ್ಲುಗಳ ಡಿಶ್ಶಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ಬೇರೆ ಬೇರೆ ಕೇಂದ್ರಗಳಿಂದ ಬರುವ ಪ್ರವಾಹಗಳಲ್ಲಿ ಬೇರೆ ಬೇರೆ ಕೋಷ್ಟಕಗಳಿರುತ್ತವೆ. ಚಾನೆಲ್ ಬದಲಿಸಿದರೆ ಕೆಲವು ಬಾಕ್ಸುಗಳ ಗಂಟೆಯೂ ಬದಲಾಗುತ್ತದೆ. ಬೊಂಬಾಯಿಯಿಂದ ರೈಲು ಹತ್ತಿ ಮದರಾಸಿಗೆ ಇಳಿದವನು ಗಡಿಯಾರ ತಿದ್ದಿಕೊಳ್ಳುತ್ತಿದ್ದುದು ಈಗ ಸೋಫಾದ ಮೇಲೆ ಕುಳಿತೇ ಆಗುತ್ತದೆ.

ನಾವು ಸೇವೆ ಒದಗಿಸುವ ಸಂಸ್ಥೆಗೆ ಫೋನು ಮಾಡಿದೆವು. ಬಾಕ್ಸನ್ನು ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆವು, ಅದೇ ಆರು ನಿಮಿಷ. ಚಿತ್ರ ಬರುತ್ತಿದೆಯೇ ಎಂದು ಕೇಳಿದರು. ಬರುತ್ತಿದೆ ಎಂದೆವು. ಹಾಗಾದರೆ ತೊಂದರೆಯೇನು ಎಂದರು. ಸೂರ್ಯಾಸ್ತದ ವಿಷಯ ಹೇಳಿದಾಗ ಆ ಕಡೆಯ ಹುಡುಗಿ ಕ್ಷಣಕಾಲ ಸುಮ್ಮನಾಗಿ, ದೂರನ್ನು ಯಾವ ವರ್ಗದಲ್ಲಿ ದಾಖಲಿಸಬೇಕೆಂದು ತನ್ನ ಪರದೆಯಲ್ಲಿ ಹುಡುಕಿದಳು. ಅಂಥ ವರ್ಗ ಇರಲಿಲ್ಲ. "ಇತರೆ" ಎಂದು ದಾಖಲಾಯಿತು. ಸರಕಾರಿ ನೌಕರರಾದ ನಮಗೆ "ಇತರೆ" ಎಂಬುದರ ಗತಿ ಚೆನ್ನಾಗಿ ಗೊತ್ತು. ಸುಮಾರು ಮೂರು ವಾರಗಳ ನಂತರ ಒಂದು ಬೆಳಿಗ್ಗೆ ಬಾಕ್ಸು ಸರಿಯಾದ ಹೊತ್ತು ತೋರುತ್ತಿತ್ತು. ನಮ್ಮ ದೂರಿನಿಂದಲೋ ಬೇರೆ ಕಾರಣದಿಂದಲೋ, ಯಾರೂ ಹೇಳಲಿಲ್ಲ.

ದೇಶಕ್ಕೆ ಅಧಿಕೃತವಾಗಿ ಹೊತ್ತು ಹೇಳುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ತನ್ನ ಪರಮಾಣು ಗಡಿಯಾರಗಳಿಂದ. 2022ರ ಏಪ್ರಿಲಿನಲ್ಲಿ ಬಂದ ಒಂದು ನಿರ್ದೇಶನ ಸಂಸ್ಥೆಗಳ ಕಂಪ್ಯೂಟರುಗಳು ಅಲ್ಲಿಗೋ ರಾಷ್ಟ್ರೀಯ ಮಾಹಿತಿ ಕೇಂದ್ರದ ಗಡಿಯಾರಕ್ಕೋ ಹೊಂದಿಕೊಂಡಿರಬೇಕೆಂದಿತು. ಅದರ ಉದ್ದೇಶ ಸೈಬರ್ ಅಪರಾಧಗಳ ತನಿಖೆ, ಮಾಜೀಯ ಊಟವಲ್ಲ. 2025ರ ಜನವರಿಯಲ್ಲಿ ಹೊರಬಂದ ಕರಡು ನಿಯಮಗಳು ವಾಣಿಜ್ಯ, ಸಾರಿಗೆ, ಆಡಳಿತಗಳೆಲ್ಲಕ್ಕೂ ಒಂದೇ ಭಾರತೀಯ ಕಾಲಮಾನವನ್ನು ಕಡ್ಡಾಯ ಮಾಡಹೊರಟಿವೆ. ಆ ಹೊತ್ತನ್ನು ಹಂಚಲು ಗೊತ್ತುಮಾಡಿದ ಐದು ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನದು. ಚೆನ್ನೈಯ ಹೆಸರು ಆ ಪಟ್ಟಿಯಲ್ಲಿಲ್ಲ. 1864ರಲ್ಲಿ ದಂಡಿನ ನಿಲ್ದಾಣದಲ್ಲಿ ರೈಲು ತಪ್ಪಿಸಿಕೊಂಡಿರಬಹುದಾದ ನಮ್ಮ ಯಾವನೋ ಹಿರಿಯನಿಗೆ ಇದನ್ನು ಹೇಳಬೇಕೆನಿಸುತ್ತದೆ.

ಆ ಮೂರು ವಾರಗಳಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇವೆ. ಎಷ್ಟು ದಿನದಿಂದ ಬಾಕ್ಸು ಹಿಂದಿತ್ತೆಂದು ಯಾರಿಗೂ ತಿಳಿಯದು. ಮಾಜೀ ಒಂದೊಂದೇ ಸಂಜೆಯನ್ನು ನೆನಪಿಸಿಕೊಳ್ಳಲು ಯತ್ನಿಸಿದರು: ಅಂದು ಮಗ ಬರುವುದು ತಡವಾಗಿ ಕಾದದ್ದು, ಇನ್ನೊಂದು ದಿನ ಔಷಧಿಗೆಂದು ಕೊನೆಯ ಗಳಿಗೆಯಲ್ಲಿ ನೀರು ಕುಡಿದದ್ದು. ಬೆಳಗಿನ ನವಕಾರಸಿಗೆ ಹಿಂದುಳಿದ ಗಡಿಯಾರದಿಂದ ದೋಷವೇನೂ ಇಲ್ಲ, ಆರು ನಿಮಿಷ ಹೆಚ್ಚು ಹಸಿದಿದ್ದಷ್ಟೇ, ಅದನ್ನು ಇದಕ್ಕೆ ವಜಾ ಹಾಕಿಕೊಳ್ಳಬಾರದೇ ಎಂದು ನಮ್ಮ ಅಮ್ಮ ವಾದಿಸಿದರು. ಮಾಜೀ ನಕ್ಕರು, ಒಪ್ಪಲಿಲ್ಲ. ತಪ್ಪು ಯಂತ್ರದ್ದಲ್ಲವೇ ಎಂದು ನಾವು ಕೇಳಿದ್ದಕ್ಕೆ, ಊಟ ಮಾಡಿದ್ದು ಯಂತ್ರವಲ್ಲವಲ್ಲ ಎಂದರು. ಚಾತುರ್ಮಾಸಕ್ಕೆಂದು ಬಂದಿದ್ದ ಮುನಿಗಳ ಬಳಿ ಹೋಗಿ ಆಲೋಚನೆ ಮಾಡಿಕೊಂಡು, ಅವರು ವಿಧಿಸಿದ ಉಪವಾಸಗಳನ್ನು ಮಾಡಿ ಮುಗಿಸಿದರು. ಎಷ್ಟೆಂದು ನಾವು ಕೇಳಲಿಲ್ಲ.

ಸಂವತ್ಸರಿಯ ಮರುದಿನ ಮಂಡಿನೋವಿನಲ್ಲೂ ಎರಡು ಮಹಡಿ ಹತ್ತಿ ಬಂದು, ನಮ್ಮೆಲ್ಲರ ಎದುರು, ಮಕ್ಕಳ ಎದುರೂ, ಕೈ ಮುಗಿದು "ಮಿಚ್ಛಾಮಿ ದುಕ್ಕಡಂ" ಎಂದರು. ಅಮ್ಮ ಅವರನ್ನು ಕುಳ್ಳಿರಿಸಿದರು. ಹೊರಗೆ ಇನ್ನೂ ಬೆಳಕಿತ್ತೇ ಎಂದು ನೋಡಿಯೇ ನೀರು ಕೊಟ್ಟರು. ಹೊರಡುವಾಗ ಮಾಜೀ ನಮ್ಮಿಂದ ಒಂದು ಉಪಕಾರ ಕೇಳಿದರು: ದೊಡ್ಡ ಅಂಕಿಗಳ ಒಂದು ಗೋಡೆ ಗಡಿಯಾರ ತಂದು, ಆಕಾಶವಾಣಿಯ ಹೊತ್ತಿಗೆ ಹೊಂದಿಸಿ ಕೊಡಬೇಕು. ಅದೇ ವಾರ ತಂದು ಹಾಕಿದೆವು. ಬಾಕ್ಸು ತಾನಾಗಿ ಸರಿಹೋದ ಮೇಲೂ ಅದರ ಕೆಂಪು ಅಂಕಿಗಳ ಮೇಲೆ ಮಾಜೀ ಒಂದು ಕಸೂತಿಯ ಕರವಸ್ತ್ರ ಇಳಿಬಿಟ್ಟಿದ್ದರು. ನಾವು ಆ ಮನೆ ಬಿಡುವ ದಿನವೂ ಅದು ಹಾಗೆಯೇ ಇತ್ತು.